ಆಫೀಸಿಗೆ ಎರಡು ಮಿದುಳು

ನೆಟ್‌ವರ್ಕ್ ಕೆಲಸ ಮಾಡುವವರ ಪಾಡು ಬೀದಿ ನಲ್ಲಿಯ ಪಾಡು. ನೀರು ಬರುವಷ್ಟು ದಿನ ಯಾರೂ ತಿರುಗಿ ನೋಡುವುದಿಲ್ಲ, ನಿಂತ ದಿನ ಊರೆಲ್ಲ ಬಂದು ತಟ್ಟುತ್ತದೆ. ನಾನು ಹಾಗೆ ತಟ್ಟಿಸಿಕೊಳ್ಳುತ್ತ ಹದಿನಾಲ್ಕು ವರ್ಷವಾಯಿತು, ನಗುವ ಪ್ರಸಂಗಗಳಿಗೇನೂ ಬರ ಬಂದಿಲ್ಲ. ಆದರೆ ಪರದೇಶದ ಈ ಶ್ಯಾಂಟಿಲಿ ಊರಿನ ನಮ್ಮ ಆಫೀಸಿಗೆ ಒಂದು ಸ್ವಿಚ್ ಕೊಂಡ ವರ್ಷ ಬಂದಷ್ಟು ಸಾಲಾಗಿ ಎಂದೂ ಬಂದಿರಲಿಲ್ಲ.

ಸ್ವಿಚ್ ಎಂದರೆ ಗೋಡೆಯ ಮೇಲೆ ಟಕ್ ಅನ್ನಿಸುವುದಲ್ಲ. ಸಣ್ಣ ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಖಾನೆಗಳು, ಖಾನೆಗೊಂದು ಕಾರ್ಡು. ಆಫೀಸಿನ ಅಷ್ಟೂ ಕಂಪ್ಯೂಟರು, ಫೋನುಗಳ ವೈರು ಬಂದು ಸೇರುವುದು ಇಲ್ಲಿಗೆ. ಎರಡು ಖಾನೆ ಮಾತ್ರ ಕಂಟ್ರೋಲ್ ಮಾಡ್ಯೂಲಿಗೆ ಮೀಸಲು. ಪೆಟ್ಟಿಗೆಯ ಮಿದುಳು ಅದೇ. ಯಾವ ಮಿದುಳು, ಒಂದೋ ಎರಡೋ ಎಂದು ಆರಿಸುವ ಕೆಲಸ ನನ್ನ ತಲೆಗೆ ಬಂತು.

ಅದೇ ವರ್ಷ ನನ್ನ ವೀಸಾ ಮುಗಿಯುವುದರಲ್ಲಿತ್ತು. ನನ್ನ ವೀಸಾಕ್ಕೆ ಗಂಡನ ವೀಸಾ ಗಂಟು ಬಿದ್ದಿದೆ, ಇಬ್ಬರ ವೀಸಾಕ್ಕೂ ಟೌನ್‌ಹೌಸ್ ಮನೆಯ ಸಾಲ ಗಂಟು ಬಿದ್ದಿದೆ. ವೀಸಾ ಮುಂದುವರಿಸುವ ಎಕ್ಸ್‌ಟೆನ್ಷನ್ ಕಾಗದಕ್ಕೆ ನಮ್ಮ ಡೈರೆಕ್ಟರು ಪೆನ್ನು ಹಿಡಿದು ಒಂದು ಸಹಿ ಹಾಕಬೇಕಿತ್ತು. ಅವರು ಕೆಟ್ಟವರಲ್ಲ. ಕೇಳಿದಾಗಲೆಲ್ಲ ಈ ಮೀಟಿಂಗ್ ಮುಗಿಯಲಿ ಎನ್ನುತ್ತಿದ್ದರು. ಆ ಮನುಷ್ಯನ ಮೀಟಿಂಗ್ ಮುಗಿದದ್ದನ್ನು ಮಾತ್ರ ಕಂಡವರಿಲ್ಲ.

ಸುಮ್ಮನೆ ಕೂರುವುದಕ್ಕೆ ಸಂಬಳ

ಎರಡು ಮಿದುಳು ಬೇಕು ಎಂದು ಬರೆದು ಕಳಿಸಿದೆ. ಖರೀದಿ ವಿಭಾಗದ ಹೆಂಗಸು ಕರೆದು ಕೂರಿಸಿದಳು. ಒಂದರಲ್ಲಿ ಕೆಲಸ ನಡೆಯುತ್ತದೆ ಅಂದಮೇಲೆ ಎರಡನೆಯದು ಯಾಕೆ ಎಂದು ಅವಳ ಪ್ರಶ್ನೆ.

ಎರಡನೆಯದು ಮೊದಲನೆಯದು ಮಾಡುವುದನ್ನೆಲ್ಲ ನೋಡುತ್ತ ಕೂತಿರುತ್ತದೆ ಎಂದೆ. ಬೇರೆ ಏನೂ ಮಾಡುವುದಿಲ್ಲವೇ ಎಂದಳು. ಇಲ್ಲ, ಮೊದಲನೆಯದು ಸತ್ತರೆ ಅದರ ಜಾಗಕ್ಕೆ ಬರುತ್ತದೆ ಎಂದೆ. ಅಲ್ಲಿಯತನಕ ಕರೆಂಟು, ಜಾಗ, ಬೆಲೆ ಎಲ್ಲ ಮೊದಲನೆಯದರಷ್ಟೇ ತಾನೇ ಎಂದಳು. ಹೌದೆಂದೆ.

ಅವಳು ಕನ್ನಡಕ ತೆಗೆದು ಒರೆಸಿಕೊಂಡು, ಅಂಥವರು ನಮ್ಮ ಕಂಪನಿಯಲ್ಲಿ ಆಗಲೇ ಇದ್ದಾರಲ್ಲ, ಅವರನ್ನು ವೈಸ್ ಪ್ರೆಸಿಡೆಂಟ್ ಅನ್ನುತ್ತೇವೆ ಎಂದಳು. ಆಮೇಲೆ ಎರಡಕ್ಕೂ ಒಪ್ಪಿಗೆ ಕೊಟ್ಟಳು.

ಯಾರು ಗೆದ್ದರು

ಮಾಡ್ಯೂಲಿನಲ್ಲಿ ಮೂರು ಬಗೆ. ಸಣ್ಣದು, ನಡುವಿನದು, ದೊಡ್ಡದು. ದೊಡ್ಡದನ್ನು ಮಾರಲು ಅಟ್ಲಾಂಟಾದಿಂದ ಒಬ್ಬ ಸೇಲ್ಸ್‌ನವನು ಬಂದ. ಎತ್ತರದ ಬಿಳಿಯ ಮನುಷ್ಯ, ಬಲು ನಯ. ನಮ್ಮ ನೆಟ್‌ವರ್ಕಿನ ಗ್ರಾಫ್ ಪರದೆಗೆ ಹಾಕಿಸಿಕೊಂಡ.

ಕೋವಿಡ್ ಆದಮೇಲೆ ನಮ್ಮ ಆಫೀಸಿಗೆ ಜನ ಬರುವುದೇ ಮಂಗಳವಾರ, ಅಂದು ಪುಕ್ಕಟೆ ಊಟ. ಗ್ರಾಫಿನಲ್ಲಿ ಮಂಗಳವಾರದ್ದು ಒಂದು ಪುಟ್ಟ ದಿಬ್ಬ, ಮಿಕ್ಕದ್ದೆಲ್ಲ ಬಯಲು. ಆದರೆ ಕೆಲವು ದಿನ ಬೆಳಗ್ಗೆ ಹತ್ತು ಗಂಟೆಗೆ ಚಾಮುಂಡಿ ಬೆಟ್ಟದ ಹಾಗೆ ಎದ್ದು ನಿಂತಿತ್ತು. ಇದೇನು ಎಂದು ಅವನು ಕೇಳಿದ. ಡೈರೆಕ್ಟರೂ ನನ್ನ ಮುಖ ನೋಡಿದರು.

ಭಾರತದ ಕ್ರಿಕೆಟ್ ಮ್ಯಾಚಿದ್ದ ದಿನಗಳು ಅವು. ನಮ್ಮವರೆಲ್ಲ ತಪ್ಪದೆ ಆಫೀಸಿಗೆ ಬಂದು, ಒಂದು ಕಿಟಕಿಯಲ್ಲಿ ಎಕ್ಸೆಲ್ಲು, ಇನ್ನೊಂದರಲ್ಲಿ ಮ್ಯಾಚು ತೆರೆದು ಶ್ರದ್ಧೆಯಿಂದ ದುಡಿಯುವ ದಿನಗಳು. ಹಾಗಂತ ಹೇಳುವುದು ಹೇಗೆ? ಹೊರದೇಶದ ಲೈವ್ ಡೇಟಾ ಎಂದೆ. ಡೈರೆಕ್ಟರು ಬಹಳ ಗಂಭೀರವಾಗಿ ತಲೆಯಾಡಿಸಿ ಬರೆದುಕೊಂಡರು.

ರೇಷ್ಮೆ ಸೀರೆ ಅಂಗಡಿಯಲ್ಲಿ ನಮ್ಮವರು ಮಾಡುವುದನ್ನೇ ಮಾಡಿ ನಡುವಿನದನ್ನು ಆರಿಸಿದೆ. ಸೇಲ್ಸ್‌ನವನು ಬೇಸರ ಮಾಡಿಕೊಳ್ಳಲಿಲ್ಲ. ಲಿಫ್ಟಿನ ತನಕ ಬಿಡಲು ಹೋದಾಗ ದನಿ ತಗ್ಗಿಸಿ, ನನ್ನ ಮನೆ ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ, ಅಕ್ಕಪಕ್ಕದವರೆಲ್ಲ ನಿಮ್ಮವರೇ, ನಮ್ಮ ಬೀದಿಯ ಇಂಟರ್ನೆಟ್ಟೂ ಅದೇ ದಿನ ಅದೇ ಹೊತ್ತಿಗೆ ಮಲಗುತ್ತದೆ ಎಂದ. ಬಾಗಿಲು ಮುಚ್ಚುವ ಮುಂಚೆ ಕೇಳಿದ್ದು ಒಂದೇ: "ಯಾರು ಗೆದ್ದರು?"

ಅತ್ತೆಯ ಅಭಿಪ್ರಾಯ

ಆಗ ಅತ್ತೆ ಮಾವ ಮೈಸೂರಿನಿಂದ ಬಂದಿದ್ದರು. ಎರಡು ತಿಂಗಳಿಂದ ಫೋನಿನಲ್ಲಿ ಯಾರ ಜೊತೆ ಜಗಳ ಆಡ್ತಿದೀಯಮ್ಮಾ ಎಂದು ಅತ್ತೆ ಊಟದ ಹೊತ್ತಿಗೆ ಕೇಳಿದರು. ಪೆಟ್ಟಿಗೆ ಮಾರುವವರ ಜೊತೆ, ಅದಕ್ಕೆ ಎರಡು ಮಿದುಳು, ಒಂದು ಕೆಲಸ ಮಾಡುತ್ತದೆ, ಇನ್ನೊಂದು ಪಕ್ಕದಲ್ಲಿ ಕಾಯುತ್ತದೆ, ಅದನ್ನು ಸ್ಟ್ಯಾಂಡ್‌ಬೈ ಅನ್ನುತ್ತೇವೆ ಎಂದು ತಿಳಿಸಿ ಹೇಳಿದೆ.

ಅತ್ತೆ ಸಾರಿನ ಸೌಟು ಎತ್ತಿದರು. "ಇದಕ್ಕೆ ಎರಡು ತಿಂಗಳು ಬೇಕಾಯ್ತಾ? ನಮ್ಮನೇಲಿ ನಲವತ್ತು ವರ್ಷದಿಂದ ನಡೀತಿರೋದು ಇದೇ ಅಲ್ವಾ."

ಮಾವ ಎದೆ ಸ್ವಲ್ಪ ಮುಂದೆ ಮಾಡಿ, ಪಾಪ, ನನ್ನ ಹಿಂದೆ ಯಾವಾಗಲೂ ಅವಳೇ ನಿಂತಿರೋದು ಎಂದರು.

"ನಾನಲ್ಲ, ಸ್ಟ್ಯಾಂಡ್‌ಬೈ ನೀವು," ಎಂದು ಅತ್ತೆ ಅವರ ತಟ್ಟೆಗೆ ಸಾರು ಬಡಿಸಿದರು.

ನನ್ನ ಮಗಳು "ಅಜ್ಜೀ, ದಟ್ಸ್ ಸೋ ಮೀನ್" ಎಂದಳು. ಎಷ್ಟು ಚುಚ್ಚುತ್ತೀಯ ಎಂಬ ಅದರ ಅರ್ಥ ಅತ್ತೆಗೆ ತಿಳಿಯಲಿಲ್ಲ. ಹೊಗಳಿದಳೆಂದುಕೊಂಡು ಅವಳಿಗೂ ಒಂದು ಸೌಟು ಬಡಿಸಿದರು.

ಹೊಸದರ ಮೇಲಿನ ಪ್ಲಾಸ್ಟಿಕ್

ಕಂಪ್ಯೂಟರ್ ಚಿಪ್ಪು ಸಿಗದ ಕಾಲ ಅದು. ಕಾದು ಕಾದು ಕೊನೆಗೂ ಮಾಡ್ಯೂಲುಗಳು ಬಂದವು. ಕೂರಿಸುವ ಹೊಣೆ ನನ್ನ ಸಹೋದ್ಯೋಗಿಯದು. ಜಯನಗರದವರು, ನನಗಿಂತ ಹಿರಿಯರು, ಕೈ ಕೆಲಸದಲ್ಲಿ ಎತ್ತಿದ ಕೈ. ಅವರದ್ದು ಒಂದೇ ದೌರ್ಬಲ್ಯ, ಹೊಸ ವಸ್ತು ಹಾಳಾಗಬಾರದು. ಅವರ ಕಾರು ಕೊಂಡು ಆರು ವರ್ಷವಾಗಿದೆ, ಸೀಟಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಬೇಸಿಗೆಯಲ್ಲಿ ಅವರ ಜೊತೆ ಊಟಕ್ಕೆ ಹೋದರೆ ಎದ್ದು ಇಳಿಯುವಾಗ ಚರ್ಮವೇ ಸುಲಿದ ಹಾಗಾಗುತ್ತದೆ.

ಹೊಸ ಪೆಟ್ಟಿಗೆ ಶುರುವಾಗಿ ಒಂದು ಗಂಟೆಗೆ ವಿಪರೀತ ಬಿಸಿ ಎಂದು ಅಲಾರಂ ಹೊಡೆದುಕೊಳ್ಳತೊಡಗಿತು. ಫ್ಯಾನು ನೋಡಿದೆ, ಏಸಿ ನೋಡಿದೆ, ಎಲ್ಲ ಸರಿ ಇತ್ತು. ಕೊನೆಗೆ ಟಾರ್ಚು ಬಿಟ್ಟು ನೋಡಿದರೆ ಎರಡು ಮಾಡ್ಯೂಲುಗಳ ಮೇಲೂ, ಗಾಳಿಯಾಡುವ ತೂತುಗಳ ಮೇಲೆ ಸರಿಯಾಗಿ, ಕಂಪನಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿದೆ.

ಇದೇನ್ರೀ ಎಂದೆ. ಗೀರು ಬೀಳುತ್ತಲ್ಲ ಮೇಡಂ ಎಂದರು. ನಾನು ಪರಪರ ಕಿತ್ತೆ. ಅವರು ಆ ಹಾಳೆಗಳನ್ನು ನನ್ನ ಕೈಯಿಂದ ಇಸಿದುಕೊಂಡು, ನಾಲ್ಕು ಮಡಿಕೆ ಮಡಿಸಿ, ಬೇಕಾಗುತ್ತೆ ಎಂದು ಜೇಬಿಗೆ ಇಟ್ಟುಕೊಂಡರು.

ಪರೀಕ್ಷೆಯ ದಿನ

ಎರಡು ಮಿದುಳಿಗೆ ದುಡ್ಡು ಕೊಟ್ಟಮೇಲೆ ಎರಡನೆಯದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕು ಎಂದರು ಡೈರೆಕ್ಟರು. ಅದೂ ತಮ್ಮ ಮೀಟಿಂಗ್ ನಡೆಯುತ್ತಿರುವಾಗಲೇ. ಮೊದಲನೆಯದನ್ನು ಹೊರಗೆ ಎಳೆಯಬೇಕು, ಪರದೆಯ ಮೇಲಿನ ಚಿತ್ರ ಕದಲಬಾರದು. ನನ್ನ ವೀಸಾದ ಕಾಗದ ಅವರ ಮೇಜಿನ ಮೇಲೆ ಕೂತು ಮೂರು ವಾರವಾಗಿತ್ತು. ಲಾಯರಿಗೆ ಕಳಿಸಲು ಉಳಿದದ್ದು ಎರಡು ದಿನ. ಅಂದು ಮಾನ ಹೋದರೆ ಸಹಿಯೂ ಹೋಯಿತು ಎಂದೇ ನನ್ನ ಎಣಿಕೆ. ಹಿಂದಿನ ಸಂಜೆ ನಾನೇ ಖುದ್ದಾಗಿ ನೋಡಿದ್ದೆ, ಎರಡೂ ಖಾನೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು.

ಹತ್ತೂವರೆಗೆ ನಾನು ಮೀಟಿಂಗ್ ರೂಮಿನಲ್ಲಿ, ಸಹೋದ್ಯೋಗಿ ಪೆಟ್ಟಿಗೆಯ ಮುಂದೆ. ಪರದೆಯ ಮೇಲೆ ವೈಸ್ ಪ್ರೆಸಿಡೆಂಟರು ತಮ್ಮ ಮನೆಯಿಂದ ಏನೋ ಹೇಳುತ್ತಿದ್ದರು. ಮೊಬೈಲಿನಲ್ಲಿ ಸಹೋದ್ಯೋಗಿಗೆ ಎಲ್ಲ ಸರಿ ಇದೆಯಾ ಎಂದೆ. ಏನೂ ಯೋಚನೆ ಮಾಡಬೇಡಿ ಎಂದರು. ತೆಗೀರಿ ಎಂದೆ.

ವೈಸ್ ಪ್ರೆಸಿಡೆಂಟರು ಬಾಯಿ ತೆರೆದುಕೊಂಡೇ ನಿಂತರು. ಆಮೇಲೆ ಪರದೆ ಕಪ್ಪಾಯಿತು. ಮೇಜಿನ ಫೋನು ಸತ್ತಿತು, ವೈಫೈ ಹೋಯಿತು, ಕಾರ್ಡು ತೋರಿಸಿ ಕಾಫಿ ಇಳಿಸುವ ಮಿಷನ್ನೂ ಕೈ ಎತ್ತಿತು. ಕಾರಿಡಾರಿನಲ್ಲಿ ಬಾಗಿಲುಗಳು ತೆರೆದು ಎಲ್ಲರೂ ನನ್ನನ್ನೇ ಹುಡುಕಿಕೊಂಡು ಬರತೊಡಗಿದರು.

ಓಡಿದೆ. ಸಹೋದ್ಯೋಗಿ ಎಳೆದ ಮಾಡ್ಯೂಲನ್ನು ಎಳೆಗೂಸಿನ ಹಾಗೆ ಎದೆಗೆ ಅವಚಿಕೊಂಡು ನಿಂತಿದ್ದರು. ಎರಡನೆಯ ಖಾನೆ ಖಾಲಿ, ಮೇಲೊಂದು ತಗಡಿನ ಮುಚ್ಚಳ.

"ಇನ್ನೊಂದೆಲ್ಲಿ?"

"ನನ್ನ ಡ್ರಾಯರ್‌ನಲ್ಲಿ ಮೇಡಂ. ಬೆಳಗ್ಗೇನೇ ಬಿಚ್ಚಿ ಟವೆಲ್ ಸುತ್ತಿ ಲಾಕ್ ಮಾಡಿಟ್ಟಿದೀನಿ."

"ಯಾಕ್ರೀ?"

"ಇವತ್ತು ಪರೀಕ್ಷೆ ಮಾಡ್ತಾರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಒಂದಾದ್ರೂ ಚೆನ್ನಾಗಿ ಉಳೀಲಿ ಅಂತ."

ಮಳೆಗೆ ನೆನೆದೀತೆಂದು ಛತ್ರಿಯನ್ನು ಮನೆಯಲ್ಲೇ ಬಿಟ್ಟು ಬರುವ ಜಾತಿ ನಮ್ಮದು. ನಮ್ಮ ತಾಯಿಯ ಮನೆಯಲ್ಲಿ ಮದುವೆಗೆ ಬಂದ ಸ್ಟೀಲ್ ತಟ್ಟೆಗಳು ಇಂದಿಗೂ ಅಟ್ಟದ ಮೇಲಿವೆ, ಯಾರನ್ನು ಬೈಯಲಿ? ತೆಗೆದದ್ದನ್ನು ತೂರಿಸಿದೆ. ಆದರೆ ಈ ಪೆಟ್ಟಿಗೆ ಒಮ್ಮೆ ಮಲಗಿದರೆ ಎದ್ದು ಮುಖ ತೊಳೆದು ಕೆಲಸಕ್ಕೆ ಕೂರಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ನಾನು ಅಲ್ಲೇ ನೆಲದ ಮೇಲೆ ಕೂತು ಯಾವ ಸಾಮಾನು ಮಾರುವುದು, ಯಾವುದನ್ನು ಮೈಸೂರಿಗೆ ಸಾಗಿಸುವುದು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿದೆ.

ನೆಟ್‌ವರ್ಕ್ ಎದ್ದಮೇಲೆ ಕ್ಷಮೆ ಕೇಳಲು ಡೈರೆಕ್ಟರ ಕೋಣೆಗೆ ಹೋದೆ. ಅವರು ಕುರ್ಚಿಗೆ ಒರಗಿ ಕೂತಿದ್ದರು. ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆ ಕಂಡದ್ದಿಲ್ಲ. ಮೀಟಿಂಗ್ ಇಲ್ಲ, ಮೇಲ್ ಇಲ್ಲ, ಫೋನ್ ಇಲ್ಲ, ಇಪ್ಪತ್ತು ನಿಮಿಷ ಮಾಡಲು ಏನೂ ಇರಲಿಲ್ಲ, ಮೇಜಿನ ಮೇಲೆ ಇದೊಂದೇ ಕಾಗದ ಕಂಡಿತು ಎಂದು ನನ್ನತ್ತ ತಳ್ಳಿದರು. ಕೊನೆಯ ಪುಟದಲ್ಲಿ ನೀಲಿ ಶಾಯಿಯ ಸಹಿ ಇತ್ತು. ನನಗೆ ಕಣ್ಣು ತುಂಬಿ ಬಂತು. ಅದನ್ನು ಅವರು ಪಶ್ಚಾತ್ತಾಪ ಎಂದು ತಿಳಿದು, ಪರವಾಗಿಲ್ಲ, ಎಲ್ಲರಿಗೂ ಆಗುತ್ತದೆ ಎಂದು ಸಮಾಧಾನ ಹೇಳಿದರು.

ಹೊರಗೆ ಸಹೋದ್ಯೋಗಿ ಟವೆಲ್ ಸುತ್ತಿದ ಗಂಟು ಹಿಡಿದು, ಬೈಸಿಕೊಳ್ಳಲು ತಯಾರಾಗಿ ನಿಂತಿದ್ದರು. ನಾನು ಸಹಿ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಗಂಟನ್ನು ಮೆಲ್ಲಗೆ ನನ್ನ ಕೈಗೆ ದಾಟಿಸಿದರು.

"ನನ್ನ ವೀಸಾ ಎಕ್ಸ್‌ಟೆನ್ಷನ್ ಮಾರ್ಚ್‌ನಲ್ಲಿ ಬರುತ್ತೆ ಮೇಡಂ. ಆವಾಗ ಇದನ್ನ ನೀವು ನಿಮ್ಮ ಡ್ರಾಯರ್‌ನಲ್ಲಿ ಎತ್ತಿಡಿ."