ಹುಳಕ್ಕೂ ಹೊಟ್ಟಿ ಐತಿ

ಕಂಪ್ಯೂಟರಿನಾಗ ಜೀವ ಹುಟ್ಟಸ್ತೇವಂತ ಹೊಂಟೋರಿಗೆ ಇಂಥಾವೆಲ್ಲ ಆಗೋದ ಬಿಡ್ರಿ. ಮೊಬೈಲು ಇನ್ನೂ ಸಾಹುಕಾರರ ಕಿಸೆದಾಗಷ್ಟ ಇದ್ದ ಕಾಲ. ಹಾವೇರಿ ಕಾಲೇಜಿನಾಗ ಬಿಸಿಎ ಕಡೇ ವರ್ಷ. ನಾನೂ ನನ್ನ ಬ್ಯಾಡಗಿ ಗೆಳತಿಯೂ ಪ್ರಾಜೆಕ್ಟಿಗಂತ ಒಂದು ಆಟ ಮಾಡಾಕತ್ತಿದ್ವಿ. ಪರದೆ ತುಂಬ ಆರು ಕಾಲಿನ ಹುಳ. ಓಡಾಡಿ ಕಾಳು ಹುಡುಕಿ ತಿಂದದ್ದು ಮರಿ ಹಾಕ್ತದ, ಸಿಗದಿದ್ದದ್ದು ಸಾಯ್ತದ. ಮರಿ ತಾಯಿಗಿಂತ ಒಂದೀಟು ಬ್ಯಾರೆ ಇರ್ತದ. ಹಿಂಗ ತಲಿಮಾರು ಉರುಳಿದಂಗ ಹುಳದ ರೂಪ ಬದಲಾಗ್ಬೇಕು. ಆಗದಿದ್ರ ನಾವಿಬ್ರೂ ನಾಪಾಸು, ಒಂದು ವರ್ಷ ಮಣ್ಣುಪಾಲು.

೧. ಬ್ಯಾಡಗಿ

ಗೆಳತಿ ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಅವರ ಅಂಗಡಿ ಕಂಪ್ಯೂಟರಿನಾಗ ಮೊದಲ ಸಲ ಆಟ ಚಾಲೂ ಮಾಡಿದ್ವಿ. ಅವರು ಕಾಯಿ ಮುರಿದು ನೋಡಿದ ಕೈಲೇ ಮೌಸ್ ಹಿಡಿದು, "ಎಲ್ಲಿ ಅದಾವ ನಿಮ್ಮ ಹುಳ?" ಅಂದ್ರು. ಆಮ್ಯಾಲ ಅದೇ ಮೌಸ್ ನಾ ಹಿಡಿದೆ, ಅದೇ ಕೈಲೇ ಕಣ್ಣು ಒರಸಿಕೊಂಡೆ. ಅಯ್ಯಯ್ಯೋ! ಕಣ್ಣೀರು ದಳದಳ. ಅಷ್ಟರಾಗ ಪರದೆಮ್ಯಾಲ ಹುಳ ಎಲ್ಲಾ ಸತ್ತು ಬಿದ್ವು.

ಪಾಪ, ಅವರು ನನ್ನ ತಲಿಮ್ಯಾಲ ಕೈಯಿಟ್ಟು, "ಅಳಬ್ಯಾಡವಾ. ಹುಳಕ್ಕ ಯಾರರ ಇಷ್ಟು ಅಳ್ತಾರೇನು? ನಮ್ಮ ಅಂಗಡ್ಯಾಗ ಬೇಕಾದಷ್ಟು ಸಿಗ್ತಾವ," ಅಂದ್ರು.

ಕಾಯಿ ಕೊಳ್ಳಾಕ ಬಂದು ಕುಂತಿದ್ದ ಗಿರಾಕಿ ಮೆಲ್ಲಕ ಎದ್ದು ಚಪ್ಪಲಿ ಹಾಕ್ಕೊಂಡ.

೨. ರಾಣೆಬೆನ್ನೂರು

ನಮ್ಮ ಮನಿ ಕಂಪ್ಯೂಟರಿನಾಗೂ ಅದ ಗೋಳು, ದಿನಾ ಸಾವು. ನಮ್ಮ ಓಣಿ ಕಾಕು ಬೀಜದ ಹೊಲದಾಗ ಒಂದು ತಳಿ ಹತ್ತಿ ಹೂವಿನ ಪುಡಿ ಇನ್ನೊಂದು ತಳಿ ಹೂವಿಗೆ ಸವರಿ ಕೂಡಿಸೋ ಕೆಲಸಕ್ಕ ಹೋಗಾಕಿ. ಒಂದಿನ ಬಂದು ನೋಡಿ, "ಎಲ್ಲಾ ಒಂದ ಗಿಡದ್ದಂಗ ಅದಾವಲ್ಲ! ಬ್ಯಾರೆ ಹೊಲದ್ದು ತಂದು ಕೂಡಸ್ರೆ," ಅಂದ್ಲು. ಎರಡು ತಳಿ ಮಾಡಿ ಕೂಡಿಸಿದ್ವಿ. ಬದುಕಿದ್ವು!

ನಮ್ಮವ್ವ ಖುಷಿಲೆ ಓಣಿಗೆಲ್ಲ ಸಕ್ಕರಿ ಹಂಚಿದ್ಲು. "ಯಾರ್ರೀ ಹಡದೋರು?" ಅಂತ ಕೇಳಿದೋರಿಗೆ, "ನಮ್ಮ ಮಗಳ ಕಡೇವು. ಒಮ್ಮಿಗೇ ಮುನ್ನೂರು," ಅಂದ್ಲಂತ.

೩. ಹಾವೇರಿ

ತಲಿಮಾರು ಬೆಳೀಲಿ ಅಂತ ಪರೀಕ್ಷೆಗಿಂತ ಮೊದಲು ಮೂರು ದಿನ ಮನ್ಯಾಗ ಆಟ ಚಾಲೂನ ಇಟ್ಟಿದ್ವಿ. ಒಂದು ಬಟನ್ ಒತ್ತಿದ್ರ ಹುಳದ ಮುಂದನ ಕಾಳು ಉದುರ್ತಾವ. ಅದನ್ನ ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ. ನಾವು ಸಿಪಿಯುಗೆ ದುಪ್ಪಟಿ ಸುತ್ತಿಕೊಂಡು ಹಾವೇರಿಗೆ ಹೊಂಡೋ ಮುಂದ ಅವ್ವ, "ಅವಕ್ಕೂ ಹೊಟ್ಟಿ ಐತಿ, ನಾ ನೋಡ್ಕೊಂಡೇನಿ," ಅಂದ್ಲು. ಬಸ್ಸಿನ ಗಡಿಬಿಡಿಯಾಗ ಲಕ್ಷ್ಯ ಕೊಡಲಿಲ್ಲ.

ಪರೀಕ್ಷಕರ ಮುಂದ ತಗದು ನೋಡಿದ್ರ, ಹುಳ ಎಲ್ಲಾ ಗುಂಡಗ, ಕುಂತಲ್ಲೇ ಕುಂತಾವ. ಒಂದಕ್ಕೂ ಕಾಲಿಲ್ಲ! ಬಾಯಿ ಮಾತ್ರ ಇಷ್ಟಗಲ.

"ಕಾಲು ಎಲ್ಲಿ ಹೋದ್ವು?" ಅಂದ್ರು ಪರೀಕ್ಷಕರು.

ಸುಳ್ಳು ಹೇಳಾಕ ಬಾಯಿ ಬರಲಿಲ್ಲ. "ನಮ್ಮವ್ವ ಮೂರು ದಿನ ಉಣ್ಣಾಕ ಹಾಕ್ಯಾಳ್ರಿ ಸರ್."

ಅವರು ಮೊದಲಿನ ಹುಳ, ಈಗಿನ ಹುಳ ಎರಡೂ ತಗಸಿ ನೋಡಿದ್ರು. "ಕುಂತಲ್ಲೇ ಊಟ ಬಂದ್ರ ಕಾಲು ಯಾತಕ್ಕ? ನಿಮ್ಮ ಆಟ ಬರೋಬರಿ ಐತಿ!" ಅಂತ ಹೊಟ್ಟಿ ಹಿಡಕೊಂಡು ನಕ್ಕು ಸಹಿ ಹಾಕಿದ್ರು. ಉಸ್ಸಪ್ಪಾ! ನಾನೂ ಗೆಳತಿಯೂ ಅಲ್ಲೇ ತೆಕ್ಕಿ ಬಿದ್ವಿ.

ಬೂತಿನಿಂದ ಫೋನ್ ಮಾಡಿ, "ಅವ್ವಾ, ಪಾಸಾದ್ವಿ!" ಅಂದೆ.

"ಅದಿರ್ಲಿ, ಆ ಸರ್ ಊಟ ಮಾಡ್ಯಾರೇನು? ಮನಿಗೆ ಕರ್ಕೊಂಡು ಬಾ, ಮೂರು ದಿನ ಇದ್ದು ಹೋಗ್ಲಿ."

"ಬ್ಯಾಡ ಬಿಡವಾ, ಅವರಿಗೆ ಕಾಲು ಬೇಕು!"