ಹಳೇ ಗಣತಿ, ಹೊಸ ಗೇಮು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ವಿಜಯದಶಮಿಯ ದಿನ. ಏಳನೇ ಕ್ಲಾಸು ಅರ್ಧಕ್ಕೇ ನಿಂತಿತ್ತು. ಊರೂರಿನ ಜನವೆಲ್ಲ ಜಂಬೂಸವಾರಿಗೆ ಅಂತ ಮೈಸೂರಿಗೆ ನುಗ್ಗುತ್ತಿದ್ದರೆ ನಾನು ಎದುರು ದಿಕ್ಕಿನ ಬಸ್ಸು ಹತ್ತಿದೆ. ಯಾಕೆ ಅಂತ ಕೇಳಿದರೆ ಇವತ್ತಿಗೂ ನನ್ನ ಹತ್ತಿರ ಒಂದೇ ಉತ್ತರ: ಆ ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಅಲ್ಲಿಂದಾಚೆಗೆ ಲಾರಿ ಕ್ಲೀನರು, ಹೋಟೆಲ್ ಸಪ್ಲೈಯರು, ಬಂದರಿನ ಕೂಲಿ ಎಲ್ಲ ಆಗಿ, ಕೊನೆಗೆ ಮೈಸೂರಿನ ಹೂಟಗಳ್ಳಿಯಲ್ಲಿರೋ ಅಕ್ಕನ ಮನೆಗೆ ಬಂದು ಬಿದ್ದೆ. ಅಕ್ಕ ಬಾಗಿಲಲ್ಲೇ ಹೇಳಿದಳು, "ಈ ಸಲ ಹೋದ್ರೆ ಮತ್ತೆ ಬರಬೇಡ ಕಣೋ. ಬರೋದು ಕಲ್ತಿದ್ದೀಯ, ಇರೋದೂ ಕಲಿ."

ಇರಬೇಕು ಅಂತ ನನಗೂ ಆಸೆಯಿತ್ತು. ಆದರೆ ನಾನು ಎಲ್ಲಿ ನೆಲೆಯೂರೋಕೆ ಹೋದರೂ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ.

ಕೆಲಸ ಸಿಕ್ಕಿದ್ದು

ವಿದ್ಯಾರಣ್ಯಪುರಂನಲ್ಲಿ ಒಂದು ಮನೆಯ ಮಹಡಿ ಮೇಲೆ ನಾಲ್ಕಾರು ಜನ ಕೂತು ಕಂಪ್ಯೂಟರ್ ಗೇಮ್ ಮಾಡುತ್ತಿದ್ದರು. ಆಡುವವನೇ ರಾಜ. ನೂರು ವರ್ಷದ ಹಿಂದಿನ ಸೀಮೆಯೊಂದನ್ನು ಆಳಬೇಕು, ಕೆರೆ ಕಟ್ಟಿಸಬೇಕು, ಸೈನ್ಯ ಸೇರಿಸಬೇಕು. ಯಾವ ಊರಲ್ಲಿ ಎಷ್ಟು ಜನ ಅನ್ನೋದು ಬಾಯಿಗೆ ಬಂದದ್ದಾಗಬಾರದು, ಹಳೇ ಜನಗಣತಿಯಲ್ಲಿ ಇದ್ದ ಹಾಗೇ ಇರಬೇಕು ಅಂತ ಓನರ್ ಹಟ. ಅವರ ಮನೆತನದವರು ಹಿಂದೆ ಅರಮನೆ ಕೆಲಸದಲ್ಲಿದ್ದವರಂತೆ. ಅದಕ್ಕೇ ಸುಳ್ಳು ರಾಜ್ಯಕ್ಕೂ ನಿಜವಾದ ಪ್ರಜೆಗಳೇ ಬೇಕು. ಹಳೇ ಪುಸ್ತಕದ ಅಂಕಿ ನೋಡಿಕೊಂಡು ಕಂಪ್ಯೂಟರಿಗೆ ಹಾಕೋಕೆ ಅವರಿಗೊಬ್ಬ ಆಳು ಬೇಕಿತ್ತು.

"ಏನು ಓದಿದ್ದೀರಿ?" ಅಂದರು ಓನರ್, ನಾನು ಹೋಗಿ ನಿಂತಾಗ.

"ಏಳನೇ ಕ್ಲಾಸು ಸಾರ್. ಅದೂ ಪೂರ್ತಿಯಲ್ಲ."

"ಅಂಕಿ ನೋಡಿ ಹೊಡೆಯೋಕೆ ಬರುತ್ತಲ್ಲ?"

"ಬರುತ್ತೆ."

"ಒಂದೇ ಕಡೆ ಕೂರೋಕೆ?"

"ಅದು ಸ್ವಲ್ಪ ಕಷ್ಟ."

ಅವರು ನಕ್ಕರು. ತಮಾಷೆ ಮಾಡ್ತಿದ್ದೀನಿ ಅಂದುಕೊಂಡರು, ಪಾಪ.

ಹೊಸ ವರ್ಷ ಬಂತು

ಹಳೇ ಕಾಲದಲ್ಲಿ ಬಹಳ ಜನಕ್ಕೆ ತಮ್ಮ ವಯಸ್ಸೇ ಗೊತ್ತಿರಲಿಲ್ಲ. ಗಣತಿಯವನು ಬಾಗಿಲಿಗೆ ಬಂದು ಕೇಳಿದರೆ "ಒಂದು ನಲವತ್ತು ಅಂತ ಬರ್ಕೊಳಿ ಸಾಮಿ" ಅನ್ನೋರು. ಹಾಗಾಗಿ ನಲವತ್ತು, ಐವತ್ತು, ಅರವತ್ತರಲ್ಲಿ ಜನ ಕಿಕ್ಕಿರಿದಿದ್ದರು. ಐವತ್ತೊಂಬತ್ತರಲ್ಲಿ ಹುಡುಕಿದರೂ ನರಪಿಳ್ಳೆ ಇಲ್ಲ. ನಾನು ಇದ್ದದ್ದನ್ನು ಇದ್ದ ಹಾಗೇ ಹಾಕಿದೆ. ಗೇಮಿನ ಲೆಕ್ಕದಲ್ಲಿ ಅರವತ್ತು ದಾಟಿದವರ ಆಯಸ್ಸು ಮುಗಿಯುತ್ತದೆ ಅನ್ನೋದು ನನಗೇನು ಗೊತ್ತು?

ಮಧ್ಯಾಹ್ನ ಪ್ರೋಗ್ರಾಂ ಬರೆಯೋ ಹುಡುಗಿ ಗಾಬರಿಯಾಗಿ ಎದ್ದು ನಿಂತಳು. "ಸಾರ್, ರಾಜ್ಯದ ಹಿರಿಯರೆಲ್ಲ ಒಟ್ಟಿಗೇ ಹೋಗ್ಬುಟ್ರು. ಒಬ್ಬರೂ ಉಳಿದಿಲ್ಲ."

ಓನರ್ ಓಡಿ ಬಂದರು. "ಯುದ್ಧಕ್ಕೆ ಕಳಿಸಿದ್ಯೇನಮ್ಮ?"

"ಇಲ್ಲ ಸಾರ್. ಹೊಸ ವರ್ಷ ಬಂತು, ಅಷ್ಟೆ."

ನಮ್ಮವರು

ವಯಸ್ಸುಗಳನ್ನು ಅಕ್ಕಪಕ್ಕಕ್ಕೆ ಹಂಚಿ ಹೇಗೋ ರಾಜ್ಯ ಉಳಿಸಿಕೊಂಡರು. ಆಮೇಲೆ ಕಸುಬುಗಳು ಬಂದವು. ನೇಕಾರರು, ಕುಂಬಾರರು ಎಲ್ಲ ಮುಗಿದು ಕೊನೆಗೆ ಭಿಕ್ಷುಕರು, ಅಲೆಮಾರಿಗಳು ಅಂತ ಒಂದು ಸಾಲು. ಗೇಮಿನಲ್ಲಿ ಇವರು ಕಂದಾಯ ಕೊಡೋದಿಲ್ಲ, ಅನ್ನ ಮಾತ್ರ ತಿನ್ನುತ್ತಾರೆ.

ಆಡಿ ನೋಡೋಕೆ ಅಂತ ಗೋಕುಲಂನಿಂದ ಒಬ್ಬ ವಿದೇಶಿಯವನನ್ನು ಕರೆಸಿದರು. ಯೋಗ ಕಲಿಯೋಕೆ ದೇಶ ಬಿಟ್ಟು ಬಂದವನು. ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಕೈಮುಗಿದು ಸಿಂಹಾಸನ ಏರಿದ. ಏರಿದ ಕೂಡಲೇ ಮಾಡಿದ ಮೊದಲ ಕೆಲಸ, ಅಲೆಮಾರಿಗಳನ್ನೆಲ್ಲ ಗಡಿಯಾಚೆ ಅಟ್ಟಿದ್ದು.

ನಾನು ಎದ್ದು ಓನರ್ ಹತ್ತಿರ ಹೋದೆ. "ಸಾರ್, ಅಲೆಯೋರೂ ಕೆಲಸಕ್ಕೆ ಬರ್ತಾರೆ. ಒಂದೂರಿನ ಸುದ್ದಿ ಇನ್ನೊಂದೂರಿಗೆ ಮುಟ್ಟಿಸ್ತಾರೆ" ಅಂದೆ. ಓನರ್ ದೊಡ್ಡ ಮನಸ್ಸು ಮಾಡಿ ಗೇಮಿನಲ್ಲಿ ಅವರಿಗೆ ಆ ಕೆಲಸ ಕೊಡಿಸಿದರು. ಸುದ್ದಿ ಹೋಯಿತು. ಅದರ ಹಿಂದೆಯೇ ಗಡಿಯೂರಿನ ಜ್ವರವೂ ಹೋಯಿತು. ಸಂಜೆ ಕಾಫಿ ಹೊತ್ತಿಗೆ ರಾಜಧಾನಿಯಲ್ಲಿ ದೀಪ ಹಚ್ಚೋರಿಲ್ಲ.

ಹುಡುಗಿ ನನ್ನ ಕಡೆ ತಿರುಗಿ "ಅಣ್ಣ, ನಿಮ್ಮೋರು ಒಂದ್ವಾರ ಒಂದೇ ಕಡೆ ಮಲಗಿದ್ರೂ ಸಾಕಿತ್ತು, ಇಷ್ಟು ಜನ ಬದುಕ್ತಿದ್ರು" ಅಂದಳು.

"ನಮ್ಮಕ್ಕನೂ ಅದನ್ನೇ ಅಂತಾಳೆ" ಅಂದೆ.

ನನ್ನ ಗಣತಿ

ಈ ಮಧ್ಯೆ ನಿಜವಾದ ಗಣತಿಯೇ ಅಕ್ಕನ ಮನೆಗೆ ಬಂತು. ಬಂದವರು ಒಬ್ಬ ಟೀಚರಮ್ಮ, ಕೈಯಲ್ಲಿ ಮೊಬೈಲು. ಹಿಂದಿನ ಯಾವ ಗಣತಿಗೂ ನಾನು ಎಲ್ಲೂ ಸಿಕ್ಕಿರಲಿಲ್ಲ. ಅಕ್ಕನಿಗೆ ಅದೊಂದು ಕೊರಗು. ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಬರ್ಕೊಳಿ ಮೇಡಂ, ನನ್ನ ತಮ್ಮ. ಇಲ್ಲೇ ಇರ್ತಾನೆ."

ಟೀಚರಮ್ಮ ನನ್ನನ್ನು ಕೇಳಿದರು, "ಇದಕ್ಕೆ ಮುಂಚೆ ಎಲ್ಲಿದ್ರಿ?"

"ಹುಬ್ಬಳ್ಳಿ, ಕಾರವಾರ, ಸೊಲ್ಲಾಪುರ, ಆಮೇಲೆ ವಾಪಸ್ ಹುಬ್ಬಳ್ಳಿ..."

"ಒಂದೂರು ಸಾಕು ಕಣ್ರೀ. ಇಲ್ಲಿಗೆ ಬಂದ ಕಾರಣ? ಕೆಲಸವೋ, ಮದುವೆಯೋ, ಓದೋ?"

ನಾನು ಬಾಯಿ ತೆರೆಯೋ ಮೊದಲೇ ಅಕ್ಕನೇ "ಹಸಿವು ಅಂತ ಹಾಕಿ" ಅಂದಳು.

"ಅದಿಲ್ಲ ಕಣಮ್ಮ ಇದರಲ್ಲಿ. ಇತರೆ ಅಂತ ಹಾಕ್ತೀನಿ." ಮತ್ತೆ ನನ್ನ ಕಡೆ ನೋಡಿ, "ಇನ್ಮುಂದೆ ಇಲ್ಲೇ ಇರ್ತೀರಲ್ಲ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಇರ್ತೀನಿ" ಅಂದೆ. ಆ ಗಳಿಗೆಯಲ್ಲಿ ಅದು ಸುಳ್ಳಲ್ಲ. ಅವತ್ತು ಅಕ್ಕ ಶಾವಿಗೆ ಪಾಯಸ ಮಾಡಿದಳು.

ಸ್ವಲ್ಪ ದಿನಕ್ಕೆ ಓನರ್ ಕರೆದು, ಕೆಲಸ ಕಾಯಂ ಅಂದರು. ಕಿಟಕಿ ಪಕ್ಕದಲ್ಲಿ ಮೇಜು ಹಾಕಿಸಿದ್ದರು, ಹೊಸ ಕುರ್ಚಿ ತರಿಸಿದ್ದರು. ಕುರ್ಚಿ ನೋಡಿದ್ದೇ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಒಳ್ಳೆಯ ಜನ, ಒಳ್ಳೆಯ ಕೆಲಸ, ಹೊತ್ತಿಗೆ ಸರಿಯಾಗಿ ಅಕ್ಕನ ಕೈ ಅಡುಗೆ. ದೂರೋಕೆ ಏನಾದರೂ ಇದ್ದಿದ್ದರೆ ಹೊರಡೋದು ಸುಲಭವಾಗುತ್ತಿತ್ತು. ಏನೂ ಇಲ್ಲ, ಅದೇ ಸಂಕಟ.

ಈಗ ಚೀಲಕ್ಕೆ ಬಟ್ಟೆ ತುಂಬುತ್ತಿದ್ದೇನೆ. ಅಕ್ಕ ಬೈತಾಳೆ ಅಂತ ಕಾದೆ, ಬೈಯಲಿಲ್ಲ. ಚಪಾತಿ, ಚಟ್ನಿಪುಡಿ ಕಟ್ಟಿ ತಂದು ಬಟ್ಟೆಗಳ ಮೇಲಿಟ್ಟಳು.

"ಹೋಗ್ತೀಯ, ಹೋಗು. ಹೋದ ಕಡೆ ಗಣತಿಯವರು ಬಂದ್ರೆ ಮಾತ್ರ ಹೆಸರು ಹೇಳ್ಬೇಡ."

"ಯಾಕಕ್ಕ?"

"ನೀನು ಇಲ್ಲಿದ್ದೀಯ ಕಣೋ. ಸರ್ಕಾರವೇ ಬರ್ಕೊಂಡೋಗಿದೆ. ಅಲ್ಲಿ ಅವರಿಗೆ ಸಿಕ್ಕೋನು ಯಾರೋ ನಂಗೊತ್ತಿಲ್ಲ."