ಇಲ್ಲಿ ಹುಟ್ಟಿದವರು ಯಾರಾದರೂ ಇದ್ದೀರಾ?

ಫುಲ್ಬೆರ್ ಪೇರಿಶೂ ಅವರ ಮಧ್ಯಾಹ್ನದ ನಿದ್ದೆಗೆ ಕಲ್ಲು ಹಾಕಿದ್ದು ಒಂದು ಹಸಿರು ಡಬ್ಬ. ಖಾಲಿ ಬಾಟಲಿ ಎಸೆಯಲೆಂದು ಪಂಚಾಯಿತಿ ಅದನ್ನು ಊರಬಾಗಿಲಲ್ಲಿ, ಅಂದರೆ ಸರಿಯಾಗಿ ಅವರ ಮಲಗುವ ಕೋಣೆಯ ಕಿಟಕಿಯ ಕೆಳಗೆ, ತಂದಿಟ್ಟಿತ್ತು. ಫ್ರಾನ್ಸಿನ ಲಿಮೂಝಾಂ ಪ್ರಾಂತದ ಈ ವೆರ್ನಜೂಲ್‌ನಲ್ಲಿ ಜನ ಇನ್ನೂರ ಹತ್ತು. ಬಾಟಲಿಗಳಿಗೆ ಮಾತ್ರ ಲೆಕ್ಕವಿಲ್ಲ. ನಿವೃತ್ತ ಅಂಚೆಯಣ್ಣನಾದ ಫುಲ್ಬೆರ್ ಅವರ ಕಣ್ಣು ಹತ್ತುವ ಹೊತ್ತಿಗೇ ಊರವರ ಊಟ ಮುಗಿದು, ಛಳ್! ಠಣಾರ್! ಇಂಥದೇ ಇನ್ನೊಂದು ಡಬ್ಬ ಚರ್ಚಿನ ಹಿಂದೆ, ಝೆನಾಯಿದಮ್ಮನ ದಿನಸಿ ಅಂಗಡಿಯ ಪಕ್ಕದಲ್ಲಿತ್ತು. ಅದು ಬೇರೆಯವರ ನಿದ್ದೆಯ ವಿಷಯವಾದ್ದರಿಂದ ಫುಲ್ಬೆರ್ ತಲೆ ಕೆಡಿಸಿಕೊಂಡಿರಲಿಲ್ಲ.

ಅವತ್ತು ಬೆಳಿಗ್ಗೆ ಮೇಯರ್ ಬೊರ್ದಿಯೇ ಅವರು ಫುಲ್ಬೆರ್‌ಗೆ ಹೇಳಿಕಳಿಸಿದರು.

“ಫುಲ್ಬೆರ್, ‘ಇಲ್ಲಿ ಹುಟ್ಟಿದ ಗಣ್ಯರು’ ಅಂತ ಪ್ರಾಂತದವರು ಊರೂರಿಗೂ ಫಲಕ ಕೊಡ್ತಿದ್ದಾರೆ. ನಮ್ದನ್ನ ಊರಬಾಗಿಲಲ್ಲೇ ನೆಡೋಣ. ಪಕ್ಕದಲ್ಲಿ ಬಾಟಲಿ ಡಬ್ಬ ಇದ್ರೆ ಮರ್ಯಾದೆನಾ? ಎತ್ತಿಸಿಬಿಡ್ತೀನಿ. ಆದ್ರೆ ನಾಲ್ಕು ಗಂಟೆಗೆ ಅಧಿಕಾರಿ ಬರ್ತಾರೆ. ಅಷ್ಟರಲ್ಲಿ ಒಬ್ಬ ಗಣ್ಯನ್ನ ಜನನ ದಾಖಲೆ ಸಮೇತ ಹುಡುಕಿಕೊಡಿ.”

ಫುಲ್ಬೆರ್‌ಗೆ ಎದ್ದು ಕುಣಿಯಬೇಕೆನಿಸಿತು. ಗಣ್ಯರಿಗೇನು ಬರ ಬಂದಿದೆಯೇ! ಬೆಟ್ಟದ ಹಾದಿಯ ಸೈಕಲ್ ಪಂದ್ಯ ಗೆದ್ದ ಲೂಬೆನ್ ಇದ್ದಾನಲ್ಲ! ನೇರ ಅವನ ತಾಯಿ ಓರ್ತಾನ್ಸ್ ಮನೆಗೆ ಹೋದರು. ಆಕೆ ಚೆರ್ರಿ ಹಣ್ಣಿನ ಕ್ಲಾಫೂತಿ ಕೇಕು ಕೊಯ್ದು ಮುಂದಿಟ್ಟಳು. ಬೀಜ ತೆಗೆದಿರಲಿಲ್ಲ. ಅವಸರದಲ್ಲಿ ಬೀಜವನ್ನೇ ಕಚ್ಚಿದ ಫುಲ್ಬೆರ್‌ಗೆ ಜೀವ ಹೋಗಿ ಬಂತು.

“ಹುಟ್ಟಿದ್ದಾ? ಪೇಟೆ ಆಸ್ಪತ್ರೇಲಿ. ನನ್ನನ್ನೇನು ಕೊಟ್ಟಿಗೇಲಿ ಹೆರು ಅಂತೀರೇನ್ರೀ?” ಎಂದಳು ಓರ್ತಾನ್ಸ್.

ಟಿ.ವಿ.ಯಲ್ಲಿ ಹಾಡುವ ಹುಡುಗಿ? ಪೇಟೆ ಆಸ್ಪತ್ರೆ. ಪಿಂಗಾಣಿಗೆ ಬಣ್ಣ ಬರೆದು ಪದಕ ಗೆದ್ದವಳು? ಅದೇ ಆಸ್ಪತ್ರೆ, ಅದೇ ವಾರ್ಡು. ಊದಿದ ದವಡೆ ಹಿಡಿದುಕೊಂಡು ಫುಲ್ಬೆರ್ ಪಂಚಾಯಿತಿಯ ಜನನ, ಮದುವೆ, ಮರಣಗಳ ಪುಸ್ತಕ ತೆರೆದರು. ಅರವತ್ತು ವರ್ಷಗಳಿಂದ ವೆರ್ನಜೂಲ್‌ನಲ್ಲಿ ಜನ ಮದುವೆಯಾಗಿದ್ದರು, ಸತ್ತಿದ್ದರು, ಒಬ್ಬರೂ ಹುಟ್ಟಿರಲಿಲ್ಲ.

“ಮೇಯರ್ರೇ, ‘ಈ ಮಣ್ಣಿನ ಮಗ’ ಅಂತ ವೋಟು ಕೇಳಿದ್ರಲ್ಲ, ನಿಮ್ಮ ಹೆಸರೂ ಇಲ್ಲಿಲ್ಲ!”

“ಸ್ವಲ್ಪ ಮೆಲ್ಲಗೆ ಮಾತಾಡ್ರೀ ಮಾರಾಯ್ರೇ,” ಎಂದು ಮೇಯರ್ ಬಾಗಿಲು ಮುಚ್ಚಿದರು. “ನಾನು ಹುಟ್ಟಿದ್ದು ಪ್ಯಾರಿಸ್‌ನಲ್ಲಿ. ಅದೂ ನಮ್ಮಮ್ಮ ಅಂಗಡಿ ನೋಡೋಕೆ ಹೋಗಿದ್ದಾಗ.”

ಗಂಟೆ ಮೂರಾಯಿತು. ಇನ್ನು ಸಾಯುವವರೆಗೂ ಕಿಟಕಿಯ ಕೆಳಗೆ ಠಣಾರ್ ತಪ್ಪಿದ್ದಲ್ಲ ಎಂದು ನೆನೆದು ಫುಲ್ಬೆರ್‌ಗೆ ಅಳುವೇ ಬಂತು. ಆಗ ಝೆನಾಯಿದಮ್ಮ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದರು.

“ನನ್ನ ಕೇಳಬಾರ್ದಿತ್ತೇನೋ ಫುಲ್ಬೆರ್? ಅಕಾರ್ಡಿಯನ್ ಬಾರಿಸ್ತಿದ್ದ ಕ್ಲೋವಿಸ್ ಬಾರ್ಲೋ! ಮೂರು ಪ್ರಾಂತ ಕುಣಿಸಿದೋನು. ಹುಟ್ಟಿದ್ದು ನನ್ನಂಗಡಿ ಪಕ್ಕದ ಮನೇಲೇ ಕಣೋ! ಸಾವಿರದ ಒಂಬೈನೂರ ಹನ್ನೊಂದು ತೆಗಿ.”

ತೆಗೆದರು. ಇತ್ತು! ಮನೆ, ಬೀದಿ, ಸೂಲಗಿತ್ತಿಯ ಹೆಸರು ಸಮೇತ. ಫುಲ್ಬೆರ್ ಝೆನಾಯಿದಮ್ಮನ ಎರಡು ಕೆನ್ನೆಗೂ ಮುತ್ತಿಟ್ಟರು. ಇಷ್ಟು ವರ್ಷ ಈಕೆಯನ್ನು ಬರೀ ಗಯ್ಯಾಳಿ ಎಂದುಕೊಂಡಿದ್ದೆನಲ್ಲ ಎಂದು ಪಶ್ಚಾತ್ತಾಪವೂ ಆಯಿತು.

ನಾಲ್ಕಕ್ಕೆ ಬಂದ ಅಧಿಕಾರಿಣಿ ದಾಖಲೆ ನೋಡಿ ತಲೆದೂಗಿದಳು. “ತುಂಬಾ ಚೆನ್ನಾಗಿದೆ. ಮನೆ ಇಂಥದ್ದೇ ಅಂತ ಗೊತ್ತಿದ್ದರೆ ಫಲಕ ಆ ಮನೆ ಮುಂದೇನೇ ನೆಡಬೇಕು. ನಿಯಮ.”

“ಊರಬಾಗಿಲಲ್ಲಿ ಅಲ್ವಾ?” ಫುಲ್ಬೆರ್ ದನಿ ಕೀರಲಾಯಿತು.

“ಅಯ್ಯೋ, ಆ ಮನೆ ಹತ್ರಾನೇ ಒಂದು ಬಾಟಲಿ ಡಬ್ಬ ಇದೆಯಲ್ಲ,” ಎಂದರು ಝೆನಾಯಿದಮ್ಮ, ಏನೂ ಅರಿಯದವರಂತೆ. “ಕ್ಲೋವಿಸ್‌ಗೆ ಅವಮಾನ ಆಗಲ್ವಾ ಮೇಯರ್ರೇ?”

“ಎತ್ತಿಸಿಬಿಡೋಣ,” ಎಂದರು ಮೇಯರ್. “ಫುಲ್ಬೆರ್ ಮನೆ ಹತ್ರ ಹೇಗೂ ಒಂದಿದೆ. ಪಕ್ಕದಲ್ಲೇ ಜಾಗಾನೂ ಇದೆ.”

ಆರು ಗಂಟೆಗೆ ಪಂಚಾಯಿತಿ ಟ್ರ್ಯಾಕ್ಟರ್ ಎರಡನೇ ಡಬ್ಬವನ್ನು ಕಿಟಕಿಯ ಕೆಳಗೆ ಇಳಿಸಿತು. ಊರಿಗೊಬ್ಬ ಗಣ್ಯ ಸಿಕ್ಕ ಖುಷಿಗೆ ಝೆನಾಯಿದಮ್ಮ ಕೈಯಾರೆ ಮಾಡಿದ ವಾಲ್‌ನಟ್ ವೈನ್ ತಂದರು. ಯಾರೋ ಹಳೆಯ ಅಕಾರ್ಡಿಯನ್ ಹುಡುಕಿ ತೆಗೆದರು. ಮೂರನೇ ಲೋಟಕ್ಕೆ ಫುಲ್ಬೆರ್ ದವಡೆ ನೋವೂ ಇಳಿಯಿತು, ಸಿಟ್ಟೂ ಇಳಿಯಿತು. ಓರ್ತಾನ್ಸ್ ಜೊತೆ ಒಂದು ಸುತ್ತು ಕುಣಿದೂಬಿಟ್ಟರು.

“ಖಾಲಿ ಬಾಟಲಿ ಕೊಡೋ, ಹಾಕಿ ಬರ್ತೀನಿ,” ಎಂದರು ಝೆನಾಯಿದಮ್ಮ ಪ್ರೀತಿಯಿಂದ.

“ಬೇಡ ಬಿಡು ಝೆನಾಯಿದ್,” ಎಂದು ಫುಲ್ಬೆರ್ ಬಾಟಲಿಗಳನ್ನು ಎದೆಗವಚಿಕೊಂಡರು. “ಹೇಗೂ ಮನೆ ಕಡೆಗೇ ಹೊರಟಿದ್ದೀನಿ.”